ಏನು ಬರೆದಿದ್ದೆ ಮಾರಾಯ?

ಮೊನ್ನೆ ಬೆಳಿಗ್ಗೆ ಚಿಕ್ಕಮಗಳೂರಿನ ಆಜಾದ್ ಪಾರ್ಕ್ ಹತ್ತಿರ, ನಾನು ವರ್ಷಗಳಿಂದ ಕಾಫಿ ಕುಡಿಯುವ ಹೋಟೆಲಿನಲ್ಲಿ, ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗನೊಬ್ಬ ಎಡಗೈಯಲ್ಲಿ ಮಸಾಲೆ ದೋಸೆ ಮುರಿಯಲು ಹೆಣಗುತ್ತಿದ್ದ. ಪಲ್ಯ ಒಂದು ಕಡೆ, ದೋಸೆ ಇನ್ನೊಂದು ಕಡೆ ಜಾರುತ್ತಿತ್ತು. ಸಣ್ಣ ದಿನಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರನಾಗಿ ಸುದ್ದಿ ಕಳಿಸುವ ಈ ಹುಡುಗ ನನಗೆ ಪರಿಚಿತ. ಪತ್ರಿಕೆಯ ರಸೀದಿ ಪುಸ್ತಕಗಳನ್ನು ನಮ್ಮ ಪ್ರೆಸ್ಸಿನಲ್ಲೇ ಮಾಡಿಸುತ್ತಾನೆ. ಹಿಂದಿನ ರಾತ್ರಿ ಕೆರೆಯ ಅಂಗಳದಿಂದ ಟಿಪ್ಪರ್‌ಗಳಲ್ಲಿ ಮಣ್ಣು ಸಾಗಿಸುತ್ತಿದ್ದುದನ್ನು ಮೊಬೈಲಿನಲ್ಲಿ ಚಿತ್ರಿಸಲು ಹೋಗಿದ್ದ. ನಾಲ್ಕು ಜನ ಬಂದು ಮೊದಲು ಮೊಬೈಲನ್ನು ಕಲ್ಲಿನ ಮೇಲೆ ಇಟ್ಟು ಒಡೆದರು, ಆಮೇಲೆ ಕೈಯನ್ನು. ಅವರು ಯಾರ ಹುಡುಗರು ಎಂಬುದು ಊರಿಗೆಲ್ಲ ಗೊತ್ತಿದೆ. ಊರಿಗೆಲ್ಲ ಗೊತ್ತಿರುವುದನ್ನು ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಸಿಟ್ಟು ಹೊಡೆದವರ ಮೇಲೆ ಇದ್ದೇ ಇದೆ. ಆದರೆ ಈ ಬರಹಕ್ಕೆ ಕಾರಣ ಅವರಲ್ಲ, ಪಕ್ಕದ ಮೇಜಿನಲ್ಲಿ ಕೂತಿದ್ದ ಮೂವರು ಸಜ್ಜನರು. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಕಾಫಿ ತೋಟದವರು, ಇನ್ನೊಬ್ಬರು ವಿಮಾ ಏಜೆಂಟರು. ಮೂವರೂ ಒಳ್ಳೆಯವರು, ಮೂವರೂ ನನ್ನ ಗ್ರಾಹಕರು. ಹುಡುಗನ ಕೈ ನೋಡಿ ಅವರ ಬಾಯಿಂದ ಬಂದ ಮೊದಲ ಮಾತು "ಯಾರು ಹೊಡೆದದ್ದು?" ಎಂದಾಗಿರಲಿಲ್ಲ, "ನೋವು ಹೇಗಿದೆ?" ಎಂದೂ ಆಗಿರಲಿಲ್ಲ. "ಏನು ಬರೆದಿದ್ದೆ ಮಾರಾಯ?" ಎಂದು ಕೇಳಿದರು.

"ಬರೆದೇ ಇಲ್ಲ ಸರ್. ಬರೆಯೋಕೆ ಮುಂಚೆನೇ ಹೊಡೆದ್ರು."

ಮೂವರೂ ನಕ್ಕರು. "ಸುಮ್‌ಸುಮ್ನೆ ಯಾರಾದ್ರೂ ಹೊಡೀತಾರಾ? ಮುಂಚೆ ಏನೋ ಬರೆದಿರ್ತೀಯ," ಎಂದು ಮೇಷ್ಟ್ರು ತೀರ್ಪು ಕೊಟ್ಟು ಎರಡನೇ ಕಾಫಿ ತರಿಸಿದರು.

ಈ ಪ್ರಶ್ನೆಯನ್ನು ನಾನು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದಾಗ, ಅವರ ಒಂದು ವಚನ ಸಂಪಾದನೆಯ ಹೆಸರನ್ನೂ ಕೇಳಿರದವರು "ಅವರು ಏನು ಮಾತಾಡಿದ್ದರು?" ಎಂದು ವಿಚಾರಿಸತೊಡಗಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಬಿದ್ದಾಗಲೂ ಅದೇ ಪ್ರಶ್ನೆ. ನೋಡಲು ಬಹಳ ಮುಗ್ಧವಾದ, ಬರಿಯ ಕುತೂಹಲದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದನ್ನು ಕೇಳಿದ ಗಳಿಗೆಯಲ್ಲೇ ಪೆಟ್ಟು ತಿಂದವನು ಕಟಕಟೆಗೆ ಏರಿ ನಿಂತಿರುತ್ತಾನೆ. ಹೊಡೆದವನು ಎಲ್ಲೋ ಹಿಂದೆ, ಮಳೆ ಗಾಳಿಯ ಹಾಗೆ, ಯಾರೂ ಜವಾಬು ಕೇಳಲಾಗದ ಒಂದು ಪ್ರಕೃತಿ ವ್ಯಾಪಾರವಾಗಿಬಿಡುತ್ತಾನೆ. ಅಂಗಡಿ ಕಳ್ಳತನವಾದವನನ್ನು ನಾವು "ಅಷ್ಟೊಂದು ಸಾಮಾನು ಯಾಕೆ ಇಟ್ಟಿದ್ದೆ?" ಎಂದು ಕೇಳುವುದಿಲ್ಲ.

ಗೌರಿಯವರು ನಮ್ಮೂರಿಗೆ ಹೊಸಬರಾಗಿರಲಿಲ್ಲ ಎಂಬುದನ್ನು ಇಲ್ಲಿನ ಹಳಬರು ಬಲ್ಲರು. ಬಾಬಾಬುಡನ್‌ಗಿರಿಯ ದರ್ಗಾ-ದತ್ತಪೀಠ ವಿವಾದದ ವಿಚಾರದಲ್ಲಿ ಇಲ್ಲಿಗೆ ಬಂದು ಹೋರಾಟದಲ್ಲಿ ನಿಂತವರು. ಅವರ ನಿಲುವು ನನಗೆ ಪೂರ್ತಿ ಒಪ್ಪಿಗೆಯಾಗಿತ್ತೆಂದು ಈಗ ಹೇಳಿಕೊಂಡರೆ ಅದು ಸುಳ್ಳು; ಅವರ ಭಾಷೆ ನನಗೆ ಒರಟೆನಿಸುತ್ತಿತ್ತು. ಆದರೆ 2005ರ ಫೆಬ್ರವರಿಯಲ್ಲಿ ನಮ್ಮದೇ ಜಿಲ್ಲೆಯ ಕಾಡಿನಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತದ್ದು, ಅದಾದ ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರಕ್ಕೆ ನಕ್ಸಲರು ನುಗ್ಗಿ ಅಲ್ಲಿದ್ದವರನ್ನು ಕೊಂದದ್ದು, ಆಮೇಲೆ ಮಲೆನಾಡಿನ ಹಳ್ಳಿಗಳು ವರ್ಷಗಟ್ಟಲೆ ಎರಡೂ ಕಡೆಯ ಬಂದೂಕಿಗೆ ಹೆದರಿ ಬದುಕಿದ್ದು ನೆನಪಿರುವವರಿಗೆ, 2014ರ ಡಿಸೆಂಬರ್‌ನಲ್ಲಿ ನಡೆದದ್ದೂ ನೆನಪಿರಬೇಕು. ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಕಾಡಿನ ಹಾದಿ ಬಿಟ್ಟು ಇದೇ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಬಂದಾಗ, ಅದಕ್ಕಾಗಿ ಓಡಾಡಿದವರಲ್ಲಿ ಗೌರಿಯವರೂ ಇದ್ದರು. ಮೂರು ವರ್ಷ ಕಳೆಯುವುದರೊಳಗೆ ಅವರನ್ನೇ ಗುಂಡಿಟ್ಟು ಕೊಂದರು.

ಈಗ ನನ್ನ ಸರದಿ. ಅವರು ಸತ್ತ ಮರುದಿನ ಸಂಜೆ ಇಬ್ಬರು ಹುಡುಗಿಯರು ನಮ್ಮ ಪ್ರೆಸ್ಸಿಗೆ ಬಂದರು. ಆಜಾದ್ ಪಾರ್ಕ್‌ನಲ್ಲಿ ಶ್ರದ್ಧಾಂಜಲಿ ಸಭೆ ಮಾಡುತ್ತೇವೆ, ಐನೂರು ಕರಪತ್ರ ಬೇಕು ಎಂದರು. ಎ4 ಹಾಳೆಯಲ್ಲಿ ದುಂಡಗೆ ಬರೆದುಕೊಂಡು ಬಂದಿದ್ದರು. ಬೈಗುಳವಿರಲಿಲ್ಲ, ಯಾವ ಪಕ್ಷದ ಹೆಸರೂ ಇರಲಿಲ್ಲ. ನಾನು ಓದಿದೆ, ತಿರುಗಿಸಿ ಕೊಟ್ಟೆ, "ಮಷೀನ್ ಕೆಟ್ಟಿದೆ ಕಣಮ್ಮ" ಎಂದೆ. ಒಳಗಡೆ ಮಿನಿ ಆಫ್‌ಸೆಟ್ ಮದುವೆ ಪತ್ರಿಕೆ ಹೊಡೆಯುತ್ತ ಟಕಟಕ ಎನ್ನುತ್ತಿತ್ತು. ಆ ಸದ್ದು ನನಗೂ ಕೇಳುತ್ತಿತ್ತು, ಅವರಿಗೂ ಕೇಳುತ್ತಿತ್ತು. ದೊಡ್ಡವಳು ಒಂದು ಕ್ಷಣ ಒಳಗೆ ನೋಡಿದಳು. "ಆಯ್ತು ಅಂಕಲ್" ಎಂದು ಹಾಳೆ ಮಡಚಿಕೊಂಡು ಹೋದಳು. ಕಾರಣ ಇಷ್ಟೇ. ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು ಮತ್ತು ಊರು ಇರಬೇಕೆಂದು 1867ರ ಕಾಯ್ದೆ ಹೇಳುತ್ತಿತ್ತು, ನಮ್ಮ ಕಸುಬಿನವರು ಅದನ್ನು ಕರಪತ್ರದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ. ಆ ಸಣ್ಣ ಅಕ್ಷರಕ್ಕೆ ನಾನು ಹೆದರಿದೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ನಾನು ಆಡಿದ ಮಾತು: "ಪಾಪ, ಆದರೂ ಆಕೆ ಸ್ವಲ್ಪ ಅತಿಯಾಗಿ ಬರೀತಿದ್ರು." ನನ್ನ ಹೆದರಿಕೆಗೆ ಒಂದು ಹೊದಿಕೆ ಬೇಕಿತ್ತು, ಅದು ಸತ್ತವರ ಬರವಣಿಗೆಯಲ್ಲಿ ಸಿಕ್ಕಿತು. ಹೋಟೆಲಿನ ಮೇಷ್ಟ್ರ ಮೇಲೆ ನನಗೆ ಇಷ್ಟೊಂದು ಸಿಟ್ಟು ಯಾಕೆ ಬಂತೆಂದು ಈಗ ನಿಮಗೆ ಅರ್ಥವಾಗಿರಬಹುದು.

ನಮ್ಮಪ್ಪ ಹೀಗಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಅವರೂ ಹೆದರಿಕೊಂಡಿದ್ದರು. ದೆಹಲಿಯಲ್ಲಿ ದೊಡ್ಡ ಇಂಗ್ಲಿಷ್ ಪತ್ರಿಕೆಯೊಂದು ಸೆನ್ಸಾರ್ ವಿರುದ್ಧ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿದ್ದ ಆ ದಿನಗಳಲ್ಲಿ ನಮ್ಮಪ್ಪ ನಾಮಕರಣದ ಕಾರ್ಡನ್ನೂ ಎರಡು ಸಲ ಓದಿ ಮಷೀನಿಗೆ ಏರಿಸುತ್ತಿದ್ದರಂತೆ. ಆದರೆ 1978ರಲ್ಲಿ, ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿ ಇಲ್ಲಿಗೆ ಬಂದು ನಿಂತಾಗ, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು ನಿಂತಾಗ, ನಮ್ಮ ಟ್ರೆಡಲ್ ಮಷೀನಿನಲ್ಲಿ ಇಬ್ಬರ ಕರಪತ್ರಗಳೂ ಅಚ್ಚಾದವು. ನಾನಾಗ ಹತ್ತು ವರ್ಷದವನು. ದೊಡ್ಡ ಅಕ್ಷರದ ಮೊಳೆಗಳು ನಮ್ಮಲ್ಲಿ ಒಂದೇ ಜೊತೆ ಇದ್ದದ್ದರಿಂದ, ಬೆಳಿಗ್ಗೆ ಜೋಡಿಸಿದ್ದನ್ನು ಮಧ್ಯಾಹ್ನ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕೇಸಿನ ಮನೆಗಳಿಗೆ ಮರಳಿ ಹಾಕಿ, ಸಂಜೆ ಎದುರಾಳಿಯ ಹೆಸರಿಗೆ ಜೋಡಿಸಬೇಕಿತ್ತು. ಬೆಳಿಗ್ಗೆ ಒಬ್ಬರನ್ನು ಹೊಗಳಿದ "ರ" ಸಂಜೆಗೆ ಇನ್ನೊಬ್ಬರನ್ನು ಹೊಗಳುತ್ತಿತ್ತು. ಎರಡೂ ಕರಪತ್ರಗಳ ತಳದಲ್ಲಿ ಅಪ್ಪನ ಪ್ರೆಸ್ಸಿನ ಹೆಸರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಪ್ರಧಾನಿಯನ್ನು ನಮ್ಮ ಜಿಲ್ಲೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿ ಕಳಿಸಿತು. ಅಪ್ಪ ಯಾರಿಗೆ ಮತ ಹಾಕಿದರೋ ಕೊನೆಯವರೆಗೂ ಹೇಳಲಿಲ್ಲ.

ಇಲ್ಲಿ ನೀವು ಒಂದು ಮಾತು ಹೇಳುತ್ತೀರಿ, ಗೊತ್ತು. "ಎಲ್ಲಾ ಪತ್ರಕರ್ತರೂ ಸಾಚಾಗಳಾ? ಹೆದರಿಸಿ ದುಡ್ಡು ಕಿತ್ತು ರೋಲ್‌ಕಾಲ್ ಮಾಡುವವರಿಲ್ಲವಾ?" ಇದ್ದಾರೆ. ಕೆಲವರ ರಸೀದಿ ಪುಸ್ತಕವನ್ನು ನಾನೇ ಅಚ್ಚು ಹಾಕಿದ್ದೇನೆ, ನನಗೆ ಪಾಠ ಹೇಳಬೇಡಿ. ತಾಲ್ಲೂಕು ವರದಿಗಾರನಿಗೆ ಸಿಗುವ ಗೌರವಧನ ಪೆಟ್ರೋಲಿಗೆ ಸಾಲುವುದಿಲ್ಲ. ವಾರ್ಷಿಕ ಸಂಚಿಕೆಗೆ ಜಾಹೀರಾತು ತಂದರೆ ಕಮಿಷನ್. ಆ ಜಾಹೀರಾತು ಕೊಡಬೇಕಾದವರು, ಯಾರ ಟಿಪ್ಪರ್‌ಗಳನ್ನು ಚಿತ್ರಿಸಬೇಕೋ ಅವರೇ. ಈ ಗಂಟನ್ನು ಬಿಡಿಸುವುದು ಪತ್ರಿಕೆಯ ಮಾಲೀಕರಿಗೆ ಸೇರಿದ ಕೆಲಸ, ಕೆರೆಯ ಏರಿಯ ಮೇಲೆ ರಾಡು ಹಿಡಿದು ನಿಂತವರಿಗೆ ಸೇರಿದ್ದಲ್ಲ. "ಅಭಿವ್ಯಕ್ತಿ ಸ್ವಾತಂತ್ರ್ಯವೆಂದರೆ ಸ್ವೇಚ್ಛಾಚಾರವಲ್ಲ" ಎಂಬ ಮಾತೂ ಬರುತ್ತದೆ. ಸಂವಿಧಾನ ಬರೆದವರಿಗೆ ಅದು ಗೊತ್ತಿತ್ತು ಸ್ವಾಮಿ. 19ನೇ ವಿಧಿಯ ಎರಡನೇ ಉಪವಿಧಿಯಲ್ಲಿ ಮಾನಹಾನಿ, ನ್ಯಾಯಾಂಗ ನಿಂದನೆ, ಸಭ್ಯತೆ ಎಂದೆಲ್ಲ ನಿರ್ಬಂಧಗಳ ಪಟ್ಟಿಯಿದೆ. 1950ರಲ್ಲಿ ಮದ್ರಾಸ್ ಸರ್ಕಾರ ಒಂದು ವಾರಪತ್ರಿಕೆಯ ಮೇಲೆ ಹೇರಿದ್ದ ನಿಷೇಧವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ ಮೇಲೆ, ಮರುವರ್ಷವೇ ಮೊದಲ ತಿದ್ದುಪಡಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆಯನ್ನೂ ಆ ಪಟ್ಟಿಗೆ ಸೇರಿಸಿದರು. ಪಟ್ಟಿ ಸಾಕಷ್ಟು ಉದ್ದವಾಗಿಯೇ ಇದೆ, ನನ್ನನ್ನು ಕೇಳಿದರೆ ಬೇಕಾದ್ದಕ್ಕಿಂತ ಉದ್ದವಾಗಿದೆ. ಆದರೆ ಅದರಲ್ಲಿ ಏನೇ ಇದ್ದರೂ ಕಾನೂನಿನ ಮೂಲಕವೇ ಬರಬೇಕು.

ಆ ದಾರಿ ಮುಚ್ಚಿತ್ತೇ? ಗೌರಿ ಲಂಕೇಶ್ ವಿಷಯದಲ್ಲೇ ನೋಡಿ. 2008ರಲ್ಲಿ ಅವರ ಪತ್ರಿಕೆಯಲ್ಲಿ ಬಂದ ವರದಿಯೊಂದರಿಂದ ನೊಂದವರು ಮಾನಹಾನಿ ಮೊಕದ್ದಮೆ ಹೂಡಿದರು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಸಜೆ ವಿಧಿಸಿತು. ಅವರು ಜಾಮೀನು ಪಡೆದು ಹೊರಗಿದ್ದರು. ಅವರು ಬರೆದದ್ದು ತಪ್ಪೆನ್ನುವವರಿಗೆ ಕೋರ್ಟಿನ ಬಾಗಿಲು ತೆರೆದೇ ಇತ್ತು, ಒಳಗೆ ಹೋದವರಿಗೆ ತೀರ್ಪೂ ಸಿಕ್ಕಿತ್ತು. ಇಷ್ಟಾದ ಮೇಲೂ ಬಂದೂಕು ಹಿಡಿದು ಬಂದವರ ಪರವಾಗಿ "ಆಕೆ ಏನು ಬರೆದಿದ್ದರು?" ಎಂದು ಕೇಳುವುದಕ್ಕೆ ಏನು ಉಳಿದಿದೆ? ಗಲಾಟೆಯಾಗುತ್ತದೆ ಎಂಬ ಬೆದರಿಕೆಗೆ ಮಣಿದು ಮಾತನ್ನು ಅಡಗಿಸಿದರೆ ಅದು ಬೆದರಿಸುವವರಿಗೆ ಶರಣಾದಂತೆ, ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಯಾಗಿದೆ. ಸರ್ಕಾರಗಳು ಎಷ್ಟು ಕೇಳಿಸಿಕೊಂಡವೋ! ಗೌರಿ ಹತ್ಯೆಗೆ ಕೆಲವೇ ತಿಂಗಳ ಮುಂಚೆ, 2017ರ ಜೂನ್‌ನಲ್ಲಿ, ನಮ್ಮ ವಿಧಾನಸಭೆ ಶಾಸಕರ ಹಕ್ಕುಚ್ಯುತಿಯಾಯಿತೆಂದು ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ಎಂದು ತಾನೇ ತೀರ್ಪು ಕೊಟ್ಟಿತ್ತು. ದೂರುದಾರರೂ ಅವರೇ, ನ್ಯಾಯಾಧೀಶರೂ ಅವರೇ.

ಇದು ಒಂದು ಪಕ್ಷದ, ಒಂದು ಧರ್ಮದ ಕಾಯಿಲೆ ಎಂದು ಯಾರಾದರೂ ಕಾಮೆಂಟ್ ಹಾಕುವ ಮೊದಲು ಪಕ್ಕದ ಹಾಸನದ ಕಡೆ ನೋಡಲಿ. ಮಸೀದಿಗಳಲ್ಲಿ ಹೆಣ್ಣುಮಕ್ಕಳಿಗೂ ನಮಾಜಿನ ಹಕ್ಕಿದೆ ಎಂದದ್ದಕ್ಕೆ 2000ದಲ್ಲಿ ಲೇಖಕಿ ಬಾನು ಮುಷ್ತಾಕ್ ಅವರ ಮೇಲೆ ಸಾಮಾಜಿಕ ಬಹಿಷ್ಕಾರ ಬಿತ್ತು; ಒಬ್ಬ ಚಾಕು ಹಿಡಿದು ಬಂದ. ಆಗ ನಮ್ಮೂರಿನ ಕಾಫಿ ಮೇಜುಗಳಲ್ಲಿ ನಾನು ಕೇಳಿದ್ದು "ಆಕೆಗೆ ಯಾಕೆ ಬೇಕಿತ್ತು ಇದೆಲ್ಲ?" ಎಂಬ ಮಾತು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ನಮ್ಮವರು ಎಂದು ಎದೆಯುಬ್ಬಿಸಿದೆವು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಅವರು ಹಿಂದೆ ಏನು ಮಾತಾಡಿದ್ದರು ಎಂದು ಈ ಸಲ ಇನ್ನೊಂದು ಗುಂಪಿನವರು ಕೆದಕಲು ಕೂತರು. ಸುಪ್ರೀಂ ಕೋರ್ಟಿನವರೆಗೆ ಹೋದ ಅರ್ಜಿ ಅಲ್ಲಿಯೂ ನಿಲ್ಲಲಿಲ್ಲ. ಕೇಳುವವರು ಬದಲಾದರು, ಪ್ರಶ್ನೆ ಬದಲಾಗಲಿಲ್ಲ.

ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಪಟ್ಟಿಯಲ್ಲಿ 2025ರಲ್ಲಿ ಭಾರತ 180 ದೇಶಗಳ ಪೈಕಿ 151ನೆಯದು ಎಂದಾಗ ಟಿವಿಯಲ್ಲಿ ದೊಡ್ಡ ಚರ್ಚೆ: ಆ ಪಟ್ಟಿ ಮಾಡಿದವರ ಉದ್ದೇಶವೇನು ಎಂದು. ಅಲ್ಲಿಯೂ ಅದೇ ನೋಡಿ, ಬರೆದವರ ವಿಚಾರಣೆ. ಗೌರಿ ಪ್ರಕರಣದಲ್ಲಿ ಜಾಮೀನು ಸಿಕ್ಕ ಇಬ್ಬರು ಆರೋಪಿಗಳಿಗೆ 2024ರ ಅಕ್ಟೋಬರ್‌ನಲ್ಲಿ ವಿಜಯಪುರದಲ್ಲಿ ಹಾರ ಹಾಕಿ ಸ್ವಾಗತಿಸಿದರು. ಆರೋಪ ಸಾಬೀತಾಗುವವರೆಗೆ ಅವರು ಆರೋಪಿಗಳಷ್ಟೇ, ಜಾಮೀನು ಅವರ ಹಕ್ಕು, ಅದರಲ್ಲಿ ನನ್ನ ತಕರಾರಿಲ್ಲ. ಹಾರ ಯಾವ ಕಾನೂನಿನಲ್ಲಿದೆ?

ಹುಡುಗ ದೂರು ಕೊಡುವುದಿಲ್ಲ ಎಂದು ಕೂತಿದ್ದ. ಅವರೂ ಪ್ರತಿದೂರು ಕೊಡುತ್ತಾರೆ, ಜಾತಿ ನಿಂದನೆ ಎಂದೋ, ಹಣ ಕೇಳಿದ ಎಂದೋ ಹಾಕುತ್ತಾರೆ, ಮನೆಯಲ್ಲಿ ತಂಗಿಗೆ ಗಂಡು ನೋಡುತ್ತಿದ್ದಾರೆ ಎಂದ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ, ಎಫ್‌ಐಆರ್ ಹಾಕಲೇಬೇಕು ಎಂದು ನಾನು ವಕೀಲ ಮಿತ್ರರಿಗೆ ಫೋನ್ ಮಾಡಿ ಅವನಿಗೆ ಕೇಳಿಸಿದೆ. ಹೋಟೆಲಿನಿಂದ ನೇರ ಠಾಣೆಗೆ ಹೋದೆವು. ಮೇಜಿನ ಆಚೆ ಕೂತಿದ್ದವರು ಎಕ್ಸ್‌ರೇ ಕವರ್ ನೋಡುವ ಮೊದಲೇ ತಲೆಯೆತ್ತಿ ಕೇಳಿದರು: "ಏನು ಬರೆದಿದ್ರಿ?"

"ಅದಕ್ಕೆ ದೂರಿನಲ್ಲಿ ಕಾಲಂ ಇದೆಯಾ ಸರ್?" ಎಂದು ನಾನು ಕೇಳಿದೆ. ಸ್ವರ ಸ್ವಲ್ಪ ಏರಿತ್ತೇನೋ, ಅವರು ಏನೂ ಹೇಳದೆ ಒಂದು ಬಿಳಿ ಹಾಳೆ ನೂಕಿದರು.

ಹುಡುಗ ಹೇಳುತ್ತ ಹೋದ, ನಾನು ಬರೆದೆ. ಎರಡು ಪುಟವಾಯಿತು. ಸಹಿ ಮಾಡಲು ಬಲಗೈ ಇಲ್ಲ. ದಿನಾ ಬರೆದು ಬದುಕುವವನು ಇಂಕ್ ಪ್ಯಾಡಿನ ಮೇಲೆ ಎಡಗೈಯ ಹೆಬ್ಬೆಟ್ಟನ್ನು ಒತ್ತಿ, ಎರಡೂ ಪುಟದ ತಳಕ್ಕೆ ಗುರುತು ಹಾಕಿದ. ಅದರ ಪಕ್ಕದಲ್ಲಿ, ನೋಂದಣಿ ಪತ್ರಗಳಲ್ಲಿ ಬರೆಯುವ ಹಾಗೆ, ಬಿಕ್ಕಲಂ, ಅಂದರೆ ಬರೆದುಕೊಟ್ಟವನು, ಎಂದು ಬರೆದು ನನ್ನ ಹೆಸರು, ಅಪ್ಪನ ಹೆಸರು, ಪ್ರೆಸ್ಸಿನ ವಿಳಾಸ ಹಾಕಿದೆ. ಎಫ್‌ಐಆರ್ ಪ್ರತಿ ಇನ್ನೂ ಕೈಗೆ ಬಂದಿಲ್ಲ. ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಹನ್ನೊಂದು ಗಂಟೆಗೆ ಬನ್ನಿ ಎಂದಿದ್ದಾರೆ.