ಹದಿನೈದನೇ ಹೆಸರು

ದೊಡ್ಡ ಟೂರ್ನಿಗೆ ಭಾರತದ ಕ್ರಿಕೆಟ್ ತಂಡ ಪ್ರಕಟವಾದ ದಿನ ನಾನು ಪಟ್ಟಿಯನ್ನ ಕೆಳಗಿನಿಂದ ಮೇಲಕ್ಕೆ ಓದ್ತೀನಿ. ಮೇಲಿನ ಹತ್ತು ಹೆಸರು ಗಾಂಧಿ ಬಜಾರಿನ ಹೂವಿನಂಗಡಿಯವರಿಗೂ ಮೊದಲೇ ಗೊತ್ತಿರುತ್ತೆ. ಆಯ್ಕೆ ಸಮಿತಿ ಯಾರ ಆಟವನ್ನ ನಿಜವಾಗಿ ನೋಡಿದೆ ಅಂತ ತಿಳಿಯೋದು ಕೊನೆಯ ಮೂರು ಹೆಸರಲ್ಲಿ.

2025ರ ಜನವರಿ 18, ಶನಿವಾರ. ಚಾಂಪಿಯನ್ಸ್ ಟ್ರೋಫಿಗೆ ತಂಡ ಪ್ರಕಟವಾದ ದಿನವೇ ವಡೋದರಾದಲ್ಲಿ ರಾಜ್ಯ ತಂಡಗಳ ಏಕದಿನ ಟೂರ್ನಿ ವಿಜಯ್ ಹಜಾರೆ ಟ್ರೋಫಿಯ ಫೈನಲ್. ಈ ಕಡೆ ಕರ್ನಾಟಕ, ಆ ಕಡೆ ವಿದರ್ಭ. ವಿದರ್ಭದ ನಾಯಕ ನಮ್ಮಲ್ಲೇ ಆಡಿ ಬೆಳೆದ ಕರುಣ್ ನಾಯರ್. ಬಸವನಗುಡಿಯ ಮನೆಯಲ್ಲಿ ನಾನೂ ತಮ್ಮನೂ ಟಿವಿ ಮುಂದೆ ಕೂತಿದ್ವಿ. ಕರ್ನಾಟಕ 36 ರನ್‌ಗಳಿಂದ ಗೆದ್ದು ಐದನೇ ಸಲ ಕಪ್ ಎತ್ತಿತು. ತಮ್ಮ ಮಾತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಇಷ್ಟು ಹೊಡೆದ್ರೂ ಕರುಣ್ ಹೆಸರಿಲ್ವಲ್ಲಣ್ಣ" ಅಂದ.

ಆ ಟೂರ್ನಿಯಲ್ಲಿ ಕರುಣ್ ಎಂಟು ಇನಿಂಗ್ಸ್‌ನಲ್ಲಿ 779 ರನ್ ಗಳಿಸಿದ್ದ. ಐದು ಶತಕ. ಹದಿನೈದು ಜನರಲ್ಲಿ ಎಲ್ಲರನ್ನೂ ಸೇರಿಸೋಕಾಗಲ್ಲ ಅನ್ನೋದು ಆಯ್ಕೆಗಾರರ ಉತ್ತರ. ಅದು ಸುಳ್ಳಲ್ಲ. ಅವನಿಗೋಸ್ಕರ ತಂಡದಲ್ಲಿದ್ದ ನಮ್ಮ ಕೆ.ಎಲ್. ರಾಹುಲ್‌ನ ಬಿಡಿ ಅಂತ ನಾನಂತೂ ಹೇಳಲಾರೆ. ದುಬೈನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಕೊನೆವರೆಗೂ ನಿಂತು ಔಟಾಗದೆ 34 ಹೊಡೆದವನು ರಾಹುಲೇ. ಆದರೆ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಔಟಾಗದೆ 303 ಹೊಡೆದು, ಮುಂದಿನ ಟೆಸ್ಟ್‌ನಲ್ಲೇ ಹೊರಗೆ ಕೂತವನು ಈ ಕರುಣ್. ಒಬ್ಬನೇ ಆಟಗಾರನಿಗೆ ಎರಡೆರಡು ಸಲ ಹೀಗಾದರೆ, ದೇಸಿ ಕ್ರಿಕೆಟ್‌ನಲ್ಲಿ ಎಷ್ಟು ರನ್ ಹೊಡೆದರೆ ಸಾಕು ಅಂತ ಹುಡುಗರು ಯಾರನ್ನ ಕೇಳಬೇಕು?

ಇದು ನನಗೆ ಯಾಕೆ ಇಷ್ಟು ನೋಯುತ್ತೆ ಅಂದ್ರೆ, ಕಾಲೇಜಿನಲ್ಲಿ ಒಂದು ಇಡೀ ಸೀಸನ್ ನಾನು ಹನ್ನೆರಡನೆಯವನಾಗಿದ್ದೆ. ನೀರು ಹೊತ್ತೆ, ಪ್ಯಾಡ್ ಹೊತ್ತೆ. ಅದಕ್ಕೆ ಬೇಜಾರಿರಲಿಲ್ಲ. ಯಾಕೆ ಆಡಿಸ್ತಿಲ್ಲ, ಏನು ಸರಿಮಾಡಿಕೊಳ್ಳಬೇಕು ಅಂತ ಒಬ್ಬರೂ ಹೇಳಲಿಲ್ಲ. ಇಪ್ಪತ್ತು ವರ್ಷದ ಮೇಲೂ ಉಳಿದಿರೋದು ಆ ನೋವು.

ಬೆಂಚಿನವರನ್ನ ಲೆಕ್ಕಕ್ಕಿಲ್ಲದವರು ಅಂದುಕೊಳ್ಳೋರು 2017ರ ಮಹಿಳಾ ವಿಶ್ವಕಪ್ ನೆನಪಿಸಿಕೊಳ್ಳಲಿ. ಸೆಮಿಫೈನಲ್‌ಗೆ ಹೋಗಬೇಕಾದರೆ ಡರ್ಬಿಯಲ್ಲಿ ನ್ಯೂಜಿಲೆಂಡನ್ನ ಸೋಲಿಸಲೇಬೇಕಿತ್ತು. ಅಲ್ಲಿವರೆಗೆ ಹೊರಗೆ ಕೂತಿದ್ದ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಬಂದು 15 ರನ್‌ಗೆ ಐದು ವಿಕೆಟ್ ಕಿತ್ತಳು. ಕಡೂರಿನ ವೇದಾ ಕೃಷ್ಣಮೂರ್ತಿ ಅದೇ ಪಂದ್ಯದಲ್ಲಿ 70 ಹೊಡೆದಳು. ನ್ಯೂಜಿಲೆಂಡ್ 79ಕ್ಕೆ ಆಲೌಟ್! ಆವತ್ತು ನಮ್ಮ ಮನೆಯಲ್ಲಿ ಎಬ್ಬಿಸಿದ ಗಲಾಟೆ ಬೀದಿಗೆಲ್ಲ ಕೇಳಿಸಿತ್ತು. 2025ರ ಮಹಿಳಾ ವಿಶ್ವಕಪ್‌ನಲ್ಲಿ ಶೆಫಾಲಿ ವರ್ಮಾ ಹೆಸರು ಮೊದಲ ಪಟ್ಟಿಯಲ್ಲೇ ಇರಲಿಲ್ಲ. ಪ್ರತೀಕಾ ರಾವಲ್ ಗಾಯಗೊಂಡಾಗ ಸೆಮಿಫೈನಲ್‌ಗೆ ಕರೆ ಬಂತು. ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠ ಪ್ರಶಸ್ತಿ.

ನಮ್ಮೂರಿನವರು ಎಷ್ಟು ಜನ ಇದ್ದಾರೆ ಅಂತ ಎಣಿಸೋದು ನನಗೂ ಅಭ್ಯಾಸ. 2011ರ ವಿಶ್ವಕಪ್ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ, ಆದರೂ ಕಪ್ ಬಂದ ರಾತ್ರಿ ಬೆಂಗಳೂರು ಮಲಗಲಿಲ್ಲ. ಹಾಗಾಗಿ ಕೋಟಾ ಕೊಡಿ ಅಂತ ನಾನು ಕೇಳ್ತಿಲ್ಲ. 2027ರ ವಿಶ್ವಕಪ್‌ಗೆ ಪಟ್ಟಿ ಓದೋ ಮೊದಲು, ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಹುಡುಗನಿಗೆ ಆಯ್ಕೆ ಸಮಿತಿಯವರು ಒಂದು ಫೋನ್ ಮಾಡಲಿ. ಕಾರಣ ಏನು ಅಂತ ಅವನಿಗೆ ಟಿವಿಯಿಂದ ಗೊತ್ತಾಗಬಾರದು.