ಬೇಡದ ಕಾರ್ಡಿನ ಕಾಟ

ನಗರ ಕಟ್ಟುವ ವಿಡಿಯೊ ಗೇಮ್‌ನಲ್ಲಿ ಸೋತರೆ ನಗರವೆಲ್ಲ ಅಳಿಸಿಹೋಗಿ ಮೊದಲಿನಿಂದ ಕಟ್ಟಬೇಕು ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ರೋಗ್‌ಲೈಟ್, ಅಂದರೆ ಸೋತಾಗಲೆಲ್ಲ ಹೊಸದಾಗಿ ಶುರುಮಾಡಬೇಕಾದ ಆಟದ ಗಮ್ಮತ್ತೇ ಅದು. ನನ್ನ ಹೊಟ್ಟೆ ಉರಿಸುವುದು ಬೇರೆ. ಈಗ ಆಡುತ್ತಿರುವ ಆಟದಲ್ಲಿ ನಾನು ಎಬ್ಬಿಸುವ ಪ್ರತಿ ಕಟ್ಟಡವೂ ಕಾರ್ಡುಗಳ ಕಟ್ಟಿಗೆ ಒಂದು ಕಾರ್ಡು ಸೇರಿಸುತ್ತದೆ, ತೆಗೆಯುವ ದಾರಿ ಮಾತ್ರ ಇಲ್ಲ. ನಗರ ಬೆಳೆದಷ್ಟೂ ಆ ಕಟ್ಟಿನಿಂದ ಕೈಗೆ ಬೇಡದ ಕಾರ್ಡುಗಳ ಕಸವೇ ಬರುತ್ತದೆ. ಬರಗಾಲ ಬಂದು ಜನ ನೀರಿಗೆ ಬಾಯಿ ಬಿಡುತ್ತಿರುವಾಗ ಕೈಯಲ್ಲಿರುವ ಐದು ಕಾರ್ಡುಗಳಲ್ಲಿ ಎರಡು ಜಾತ್ರೆ, ಎರಡು ಸುಂಕದಕಟ್ಟೆ, ಒಂದು ಕಾವಲು ಗೋಪುರ! ಬಾವಿಯ ಕಾರ್ಡು ಎಲ್ಲೋ ತಳದಲ್ಲಿ. ಚೆನ್ನಾಗಿ ಊರು ಕಟ್ಟಿದವನಿಗೇ ಶಿಕ್ಷೆ, ಇದೆಂಥ ನ್ಯಾಯ?

2019ರಲ್ಲಿ ಪೂರ್ಣರೂಪದಲ್ಲಿ ಬಂದ ‘ಸ್ಲೇ ದ ಸ್ಪೈರ್’ ಎಂಬ ಕಾರ್ಡಿನ ಆಟದಲ್ಲಿ ಅಂಗಡಿಯವನಿಗೆ 75 ಚಿನ್ನದ ನಾಣ್ಯ ಕೊಟ್ಟು ಬೇಡದ ಕಾರ್ಡನ್ನು ತೆಗೆಸಬಹುದು, ಮುಂದಿನ ಸಲ ಬೆಲೆ ಏರುತ್ತದೆ, ಏರಲಿ. ಕಾಳಗ ಗೆದ್ದಾಗ ಕೊಡುವ ಕಾರ್ಡನ್ನು ಬೇಡವೆನ್ನಲೂಬಹುದು. ‘ಅಗೇನ್‌ಸ್ಟ್ ದ ಸ್ಟಾರ್ಮ್’ ಎಂಬ ಊರು ಕಟ್ಟುವ ಆಟದಲ್ಲಿ ಮುಂದಿಟ್ಟ ಕಟ್ಟಡದ ನಕ್ಷೆಗಳು ಹಿಡಿಸದಿದ್ದರೆ ಆ ಆಟದ ಹಣವಾದ ಅಂಬರ್ ತೆತ್ತು ಬೇರೆಯವನ್ನು ತರಿಸಿಕೊಳ್ಳಬಹುದು. ಆಟ ಮಾಡಿದವರೇ, ನಾನು ಆಡುತ್ತಿರುವ ಈ ಆಟದಲ್ಲೂ ಬೆಲೆ ಎಷ್ಟಾದರೂ ಇಡಿ, ಖಜಾನೆ ಬರಿದಾದರೂ ಕೊಡುತ್ತೇನೆ. ಆ ಹಾಳು ಸುಂಕದಕಟ್ಟೆಯ ಕಾರ್ಡನ್ನು ಹರಿದು ಹಾಕಲು ಒಂದು ಬಟನ್ ಕೊಡಿ.