ಸತ್ಯಾಂಶ: ಬಂದೂಕಿನ ಲೈಸೆನ್ಸ್ ಇದ್ದರೆ ತೋಟಾ ಮನೆಯಲ್ಲೇ ತುಂಬಬಹುದೇ?

‘ಬೆಳೆ ಕಾಯಲು ಲೈಸೆನ್ಸ್ ಇದ್ದವರು ಖಾಲಿ ತೋಟಾಗೆ (ಕಾರ್ಟ್ರಿಜ್‌ಗೆ) ಮನೆಯಲ್ಲೇ ಮದ್ದು ತುಂಬಿ ಕಾಡುಹಂದಿ ಹೊಡೆಯಬಹುದು, ಕೇಸಾಗಲ್ಲ.’ ಪಾವಗಡ, ಮಧುಗಿರಿ ಕಡೆ ಕಡಲೆಕಾಯಿ ಹೊಲ ಇರುವವರ ಮೊಬೈಲಿಗೆ ಬರುವ ಈ ಮಾತು ತಪ್ಪು.

ಜೊತೆಗೆ ಬರುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಮನೆಯಲ್ಲಿ ತೋಟಾ ತುಂಬುವುದು ಕಾನೂನಿಗೆ ಒಪ್ಪಿದ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಸಾಲದು.

ನಳಿಕೆಯ ಬಾಯಿಂದ ಮದ್ದು ಜಡಿಯುತ್ತಿದ್ದ ಅಜ್ಜಂದಿರ ನಾಡಬಂದೂಕೇ ಈ ನಂಬಿಕೆಯ ಮೂಲವೇನೋ. ರೈಫಲ್ ಹಾಗಲ್ಲ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್‌ನಂಥ ದೊಡ್ಡ ತೋಟಾ ಸಿಡಿದಾಗ ಒಳಗಿನ ಒತ್ತಡ ಸುಮಾರು 60,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ). ಕಾರಿನ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ! ಇಂಥ ತೋಟಾದಲ್ಲಿರುವ ಹೊಗೆರಹಿತ ಮದ್ದು ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ. ಹಾಗಾಗಿ ಚಿಟಿಕೆ ಹೆಚ್ಚಾದರೂ ಒತ್ತಡ ಲೆಕ್ಕ ಮೀರಿ ಜಿಗಿದು, ಬಂದೂಕು ಹೊಡೆದವನ ಮುಖದ ಪಕ್ಕದಲ್ಲೇ ಸಿಡಿಯಬಹುದು.

ಇನ್ನು ಹಂದಿ. ಬೆಳೆ ಹಾಳಾದ ಸಂಕಟ ನಿಜವೇ. ಆದರೂ ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್‌ನಡಿ ಅಧಿಕೃತ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ತೋಟಾ ಕಾರ್ಖಾನೆಯದ್ದಾದರೂ ಅಷ್ಟೇ.